ಬಾಲ ಕಳೆದುಕೊಂಡ ಧೂಮಕೇತುಗಳು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ನೆನಪಾದದ್ದು ಊರಿನ ಬೇಸಿಗೆ ರಾತ್ರಿಗಳು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಕರೆಂಟ್ ಹೋಯಿತೆಂದರೆ ಮಾಳಿಗೆಯ ಮೇಲೆ ಮಲಗಿ ಚಿಕ್ಕಿ ಎಣಿಸುವುದೇ ನಮ್ಮ ಕೆಲಸ. ಆ ಆಕಾಶದ ಇತಿಹಾಸದಲ್ಲಿ ನಮ್ಮ ಭಾಗಕ್ಕೂ ಒಂದು ನಂಟಿದೆ.

1956ರವರೆಗೆ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ನಿಜಾಮಿಯಾ ವೀಕ್ಷಣಾಲಯದ ನೌಕರರೊಬ್ಬರ ಮಗ ವೈನು ಬಪ್ಪು. ಅವರು ಹೈದರಾಬಾದಿನಲ್ಲಿ ಓದಿ, ಆ ರಾಜ್ಯದ ವಿದ್ಯಾರ್ಥಿವೇತನದಿಂದ ಅಮೆರಿಕದ ಹಾರ್ವರ್ಡಿಗೆ ಹೋದರು. 1949ರ ಜುಲೈನಲ್ಲಿ ಫೋಟೊ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಅದಕ್ಕೆ ಬಪ್ಪು-ಬೋಕ್-ನ್ಯೂಕರ್ಕ್ ಎಂದು ಹೆಸರಾಯಿತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು.

ಅದೇ ವರ್ಷದ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿ ವಿಲ್ಸನ್ ಮತ್ತು ಹ್ಯಾರಿಂಗ್ಟನ್ ಇನ್ನೊಂದು ಧೂಮಕೇತು ಕಂಡರು. ಕೆಲವೇ ದಿನಗಳಲ್ಲಿ ಅದು ಕಣ್ಮರೆಯಾಯಿತು. 1979ರಲ್ಲಿ ಎಲೀನರ್ ಹೆಲಿನ್ ಒಂದು ಕ್ಷುದ್ರಗ್ರಹವನ್ನು ಪತ್ತೆಹಚ್ಚಿದರು. ಅದಕ್ಕೆ ಬಾಲವಿರಲಿಲ್ಲ. 1992ರಲ್ಲಿ ಹಳೆಯ ಫಲಕಗಳನ್ನು ತೆಗೆದು ನೋಡಿದಾಗ ಎರಡೂ ಒಂದೇ ಎಂದು ತಿಳಿಯಿತು!

ಇದು ಹೇಗೆ? ಧೂಮಕೇತುವೆಂದರೆ ಮಂಜುಗಡ್ಡೆ ಮತ್ತು ದೂಳಿನ ಉಂಡೆ. ಮತ್ತೆ ಮತ್ತೆ ಸೂರ್ಯನ ಹತ್ತಿರ ಬಂದು ಹೋದಂತೆ ಮೇಲಿನ ಮಂಜು ಆವಿಯಾಗಿ, ದೂಳು ಹೆಪ್ಪುಗಟ್ಟಿ, ಬಾಲ ನಿಂತುಹೋಗುತ್ತದೆ. ಉದ್ದನೆಯ ದಾರಿ ಮಾತ್ರ ಹಾಗೇ ಉಳಿಯುತ್ತದೆ. ಆದರೆ ಅಂಥ ದಾರಿಯಲ್ಲಿ ಇರುವುದೆಲ್ಲ ಬತ್ತಿದ ಧೂಮಕೇತುವೇ ಅಲ್ಲ. ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯ ಕಲ್ಲುಗಳನ್ನೂ ಗುರುವಿನ ಸೆಳೆತ ಅತ್ತ ತಳ್ಳಬಲ್ಲದು.

ಗುರುತಿಸಲು ಬಣ್ಣ ನೆರವಾಗುತ್ತದೆ. ನಮ್ಮ ಬಿದರಿ ಹೂಜಿಯನ್ನು ನೆನೆಯಿರಿ. ಬೆಳ್ಳಿಯ ಚಿಕ್ಕ ಎಳೆ ಹೊಳೆಯುತ್ತದೆ, ದೊಡ್ಡ ಕಪ್ಪು ಮೈ ಹಿಂದೆ ಸರಿಯುತ್ತದೆ. ಧೂಮಕೇತುವಿನ ಮೈ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕನ್ನಷ್ಟೇ ಮರಳಿಸುತ್ತದೆ. ಆದ್ದರಿಂದ ಮಂಕಾಗಿ ಕಂಡದ್ದು ಚಿಕ್ಕದೆಂದು ತಿಳಿಯುವಂತಿಲ್ಲ. ಅದು ಸೂಸುವ ಶಾಖವನ್ನೂ ಅಳೆದರೆ ನಿಜವಾದ ಗಾತ್ರ ಸಿಗುತ್ತದೆ. ವಿಲ್ಸನ್-ಹ್ಯಾರಿಂಗ್ಟನ್ ಸುಮಾರು 4 ಕಿ.ಮೀ., 1983ರಲ್ಲಿ ಕಂಡ ಡಾನ್ ಕ್ವಿಕ್ಸೋಟ್ ಸುಮಾರು 18 ಕಿ.ಮೀ. ಡಾನ್ ಕ್ವಿಕ್ಸೋಟನ್ನು ಕ್ಷುದ್ರಗ್ರಹವೆಂದೇ ಬರೆದಿಟ್ಟಿದ್ದರು. ಸ್ಪಿಟ್ಜರ್ ದೂರದರ್ಶಕ 2009ರಲ್ಲಿ ತೆಗೆದ ಚಿತ್ರಗಳಲ್ಲಿ ಅದಕ್ಕೂ ಮಸುಕಾದ ಬಾಲ ಕಂಡಿತು.

ಒಮ್ಮೆ ಹಚ್ಚಿದ ಹೆಸರೇ ಕೊನೆಯಲ್ಲ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಕ್ಕಳ ಬಗ್ಗೆಯೂ ಇದು ನಿಜ. ಇನ್ನೊಂದು ಮಾತು: 43 ವರ್ಷ ಯಾರೋ ಜೋಪಾನ ಮಾಡಿದ ಫಲಕಗಳಿಂದಲೇ ಆ ಗಂಟು ಬಿಚ್ಚಿತು. ನಮ್ಮ ಶಾಲೆಯ ಐವತ್ತು ವರ್ಷದ ಹಾಜರಿ ಪುಸ್ತಕ, ಫೋಟೊಗಳನ್ನೂ ಹಾಗೆಯೇ ಕಾಯಬೇಕು. ರಜೆಗೆ ಬಂದಾಗ ಅವನ್ನು ಸ್ಕ್ಯಾನ್ ಮಾಡಿಕೊಡುವ ಕೆಲಸ ನನಗಿರಲಿ. ಮನೆಯ ಟ್ರಂಕಿನಲ್ಲಿ ಹಳೆಯ ಫೋಟೊ ಇರುವವರು ದಯವಿಟ್ಟು ಶಾಲೆಗೆ ತಂದುಕೊಡಿ.