ಜಲಫೇನವೂ ತೈಲಾಗ್ನಿಯೂ

ನಮುಚಿಯೆಂಬ ಅಸುರನನ್ನು ಒಣಗಿದ ವಸ್ತುವಿನಿಂದಾಗಲಿ ಹಸಿಯಾದ ವಸ್ತುವಿನಿಂದಾಗಲಿ ಕೊಲ್ಲೆನೆಂದು ಇಂದ್ರನು ಮಾತುಕೊಟ್ಟು, ಆ ಮಾತಿಗೆ ತಾನೇ ಸಿಕ್ಕಿಬಿದ್ದು, ಕಡೆಗೆ ನೀರಿನ ನೊರೆಯಿಂದ ಅವನ ತಲೆಯನ್ನು ಕತ್ತರಿಸಿದನೆಂಬ ಕಥೆಯುಂಟು. ಇದರ ಬೀಜವು ಋಗ್ವೇದದ ಎಂಟನೆಯ ಮಂಡಲದಲ್ಲಿಯೂ ವಿಸ್ತಾರವು ಶತಪಥಬ್ರಾಹ್ಮಣದಲ್ಲಿಯೂ ಮಹಾಭಾರತದ ಶಲ್ಯಪರ್ವದಲ್ಲಿಯೂ ದೊರೆಯುತ್ತವೆ. ನೊರೆಯು ಪೂರ್ಣವಾಗಿ ನೀರೂ ಅಲ್ಲ, ಪೂರ್ಣವಾಗಿ ಗಾಳಿಯೂ ಅಲ್ಲ. ಎಣ್ಣೆಯ ಬೆಂಕಿಯನ್ನು ಅದು ಆರಿಸಬಲ್ಲುದಾದುದೂ ಈ ಗುಣದಿಂದಲೇ. ಆದರೆ ಇಷ್ಟರಿಂದಲೇ ಪ್ರಾಚೀನರಿಗೆ ಫೇನದಿಂದ ಬೆಂಕಿಯನ್ನಾರಿಸುವ ವಿದ್ಯೆ ತಿಳಿದಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯವೆನಿಸದು. ಇಂದ್ರನು ಕೊಂದುದು ಅಸುರನನ್ನೇ ಹೊರತು ಅಗ್ನಿಯನ್ನಲ್ಲ.

ಪ್ರಾಚೀನರ ಅಗ್ನಿಪ್ರತೀಕಾರವೆಂತಹುದೆಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರದಿಂದ ಸ್ಪಷ್ಟವಾಗಿ ತಿಳಿಯಬಹುದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ, ನಾಗರಿಕನ ಕರ್ತವ್ಯಗಳನ್ನು ಹೇಳುವಲ್ಲಿ, ಮನೆಮನೆಯಲ್ಲಿಯೂ ನೀರಿನ ಗಡಿಗೆ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಚೀಲ ಮೊದಲಾದವುಗಳು ಇರಬೇಕೆಂದು ವಿಧಿಸಿದೆ. ಬೆಂಕಿ ಬಿದ್ದಾಗ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡ. ರಾಜಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಬಾಗಿಲುಗಳಲ್ಲಿಯೂ ಸಾವಿರಗಟ್ಟಲೆ ಕೊಡಗಳನ್ನು ಸಾಲಾಗಿ ಇರಿಸಬೇಕು. ಇದೆಲ್ಲವೂ ಹುಲ್ಲು, ಮರ, ಬಟ್ಟೆ ಇವುಗಳ ಬೆಂಕಿಗೆ ತಕ್ಕುದು. ಕ್ರಿ.ಶ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಯನ್ನು ದಹಿಸಿದ ಬೆಂಕಿಯೂ ಇದೇ ಜಾತಿಯದು. ಅಂದಿನ ಜನರ ಎಳ್ಳೆಣ್ಣೆ, ಹರಳೆಣ್ಣೆ, ತುಪ್ಪಗಳು ಬಹಳ ಕಾಯ್ದಲ್ಲದೆ ಹತ್ತಿಕೊಳ್ಳುವುವಲ್ಲ, ಬತ್ತಿಯಿಲ್ಲದೆ ಉರಿಯುವುವಲ್ಲ. ಆದುದರಿಂದ ನಂದಾದೀಪಕ್ಕೆಂದು ಗಾಣಗಳನ್ನು ದತ್ತಿಬಿಟ್ಟ ಅಸಂಖ್ಯ ಶಾಸನಗಳ ನಾಡಿನಲ್ಲಿ ಎಣ್ಣೆಯು ಭಯದ ವಸ್ತುವಾಗಿರಲಿಲ್ಲ.

ಭಯವು ಬಂದುದು ಸೀಮೆಎಣ್ಣೆಯೊಡನೆ. ಅದಕ್ಕಿಂತಲೂ ಹೆಚ್ಚಾಗಿ ಪೆಟ್ರೋಲಿನೊಡನೆ. ಪೆಟ್ರೋಲು ಮಂಜುಗಡ್ಡೆಗಿಂತ ತಣ್ಣಗಿರುವಾಗಲೂ ಕಿಡಿಗೆ ಹತ್ತುವಷ್ಟು ಆವಿಯನ್ನು ಬಿಡುತ್ತದೆ. ಭಾರತದ ಪೆಟ್ರೋಲಿಯಂ ನಿಯಮಗಳು ಈ ದ್ರವಗಳನ್ನು ಆವಿ ಹತ್ತಿಕೊಳ್ಳುವ ಉಷ್ಣತೆಯಿಂದಲೇ ವರ್ಗ ಮಾಡಿವೆ: 23 ಡಿಗ್ರಿಗಿಂತ ಕೆಳಗಿನದು ಮೊದಲ ವರ್ಗ, 23ರಿಂದ 65ರವರೆಗಿನದು ಎರಡನೆಯದು. ಇಂತಹ ದ್ರವಕ್ಕೆ ಬೆಂಕಿ ಹತ್ತಿದಾಗ ಕೌಟಿಲ್ಯನ ಸಾವಿರ ಕೊಡಗಳಿದ್ದರೂ ಕೇಡೇ ಹೆಚ್ಚು. ನೀರು ಭಾರವಾದುದರಿಂದ ತಳಕ್ಕಿಳಿಯುತ್ತದೆ. ಎಣ್ಣೆ ತೇಲಿ ಹರಿದು ಬೆಂಕಿಯನ್ನು ನೆರೆಮನೆಗೆ ಒಯ್ಯುತ್ತದೆ. ಬಾಣಲೆಯ ಕಾದ ಎಣ್ಣೆಗೆ ನೀರು ಬಿದ್ದಾಗ ಆಗುವುದನ್ನು ಕಂಡ ಯಾವ ಗೃಹಿಣಿಗೂ ಇದನ್ನು ವಿವರಿಸಬೇಕಾಗಿಲ್ಲ.

ದಕ್ಷಿಣದೇಶವು ತೈಲಾಗ್ನಿಯ ಉಗ್ರರೂಪವನ್ನು ಕಂಡುದು 1914ನೆಯ ಇಸವಿ ಸೆಪ್ಟೆಂಬರ್ 22ರ ರಾತ್ರಿ. ಜರ್ಮನಿಯ ಎಮ್‌ಡೆನ್ ಎಂಬ ಯುದ್ಧನೌಕೆಯು ಮದ್ರಾಸಿನ ಕಡಲತಡಿಯ ಬರ್ಮಾ ಆಯಿಲ್ ಕಂಪನಿಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿ, ಮೂರು ಲಕ್ಷ ಗ್ಯಾಲನ್ನಿಗೂ ಮಿಕ್ಕ ಎಣ್ಣೆಯನ್ನು ಸುಟ್ಟಿತು.

ಆ ವೇಳೆಗಾಗಲೇ ಪ್ರತೀಕಾರವು ಕಾಸ್ಪಿಯನ್ ಸಮುದ್ರತೀರದ ಬಾಕು ನಗರದಲ್ಲಿ ಹುಟ್ಟಿತ್ತು. ಆ ಪಟ್ಟಣದ ಸಮೀಪದ ಸುರಖಾನಿಯಲ್ಲಿ, ನೆಲದಿಂದ ತಾನಾಗಿ ಏಳುವ ಜ್ವಾಲೆಯನ್ನು ಭಾರತದ ವರ್ತಕರೂ ಸಾಧುಗಳೂ ಪೂಜಿಸುತ್ತಿದ್ದ ಗುಡಿಯೊಂದುಂಟು. ಅಲ್ಲಿನ 18ನೆಯ ಶತಮಾನದ ಶಿಲಾಲೇಖಗಳಲ್ಲಿ ಗಣೇಶನಿಗೂ ಜ್ವಾಲಾಜಿಗೂ ನಮಸ್ಕಾರಗಳಿವೆ. (ಆ ಸಹಜಜ್ವಾಲೆಯು 1969ರಲ್ಲಿ ನಂದಿತು, ಈಗಿನದು ಕೊಳವೆಯಿಂದ ತಂದ ಅನಿಲದ್ದು.) ಜ್ವಾಲೆಗೆ ಕೈಮುಗಿದ ಆ ನೆಲದಲ್ಲಿಯೇ ಅಲೆಕ್ಸಾಂಡರ್ ಲೋರನ್ ಎಂಬ ಉಪಾಧ್ಯಾಯನು ಉರಿಯುವ ಎಣ್ಣೆಬಾವಿಗಳನ್ನು ಕಂಡು ಮರುಗಿ, 1902-03ರಲ್ಲಿ ನೊರೆಯ ಪ್ರಯೋಗಗಳನ್ನು ನಡೆಸಿ, 1904ರಲ್ಲಿ ಹಕ್ಕುಪತ್ರವನ್ನು ಪಡೆದನು. ಅಡಿಗೆಸೋಡದ ದ್ರಾವಣವೂ ಅಲ್ಯೂಮಿನಿಯಂ ಸಲ್ಫೇಟಿನ ದ್ರಾವಣವೂ ಕೂಡಿದರೆ ಇಂಗಾಲಾಮ್ಲವಾಯುವು ಬುಗ್ಗೆಯಾಗಿ ಏಳುತ್ತದೆ. ಆದರೆ ಗುಳ್ಳೆ ಒಡೆಯದೆ ನಿಲ್ಲಬೇಕಾದರೆ ಒಂದು ಬಂಧಕದ್ರವ್ಯ ಬೇಕು. ಅದಕ್ಕಾಗಿ ಉಪಯೋಗಕ್ಕೆ ಬಂದುದು ಯಷ್ಟಿಮಧುವಿನ ಸಾರ, ಎಂದರೆ ವೈದ್ಯರು ಕೆಮ್ಮಿಗೆ ಕೊಡುವ ಜ್ಯೇಷ್ಠಮಧು.

ಈ ಬೇರಿನ ನೊರೆಗುಣಕ್ಕೆ ಕಾರಣವಾದ ಸಪೋನಿನ್ ವರ್ಗದ ದ್ರವ್ಯವೇ ಅಂಟುವಾಳದಲ್ಲಿಯೂ ಸೀಗೆಯಲ್ಲಿಯೂ ಇದೆ. ಅಮರಸಿಂಹನು ಅಂಟುವಾಳಕ್ಕೆ ಅರಿಷ್ಟವೆಂಬ ಹೆಸರಿನೊಡನೆ 'ಫೇನಿಲ'ವೆಂಬ ಹೆಸರನ್ನೂ ಕೊಟ್ಟಿರುವುದು ಎಷ್ಟು ಸಾರ್ಥಕವೆಂಬುದು ಇಲ್ಲಿ ತಿಳಿಯುತ್ತದೆ. ಹಿಂದೆ ಅರಿಕುಠಾರವೆನಿಸಿದ್ದ ಚಾಮರಾಜನಗರದ ಸೀಮೆಯಲ್ಲಿ, ಚಂದಕವಾಡಿಗೆ ದೂರವಲ್ಲದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ ಜೇನು, ನೆಲ್ಲಿಗಳೊಡನೆ ಇವೆರಡನ್ನೂ ಆಯ್ದು ತರುತ್ತಿದ್ದವರು. ಊರವರು ತಲೆಗೂ ಬಟ್ಟೆಗೂ ಬಳಸಿದ ಈ ನೊರೆಯ ಗುಣವೇ ಬಾಕುವಿನಲ್ಲಿ ಬೆಂಕಿಯ ಮೇಲಿನ ಹೊದಿಕೆಯಾಯಿತು.

ನೊರೆಯು ಎಣ್ಣೆಗಿಂತ ಹಗುರ. ಮೇಲೆ ಹರಡಿ, ಗಾಳಿಯನ್ನು ತಡೆದು, ಆವಿಯನ್ನು ಮುಚ್ಚಿ, ತನ್ನಲ್ಲಿನ ನೀರನ್ನು ಮೆಲ್ಲಗೆ ಬಿಟ್ಟು ತಂಪುಮಾಡುತ್ತದೆ. ಇದನ್ನು ಕೈಯಿಂದ ಎರಚುವುದಕ್ಕಿಂತ ತೊಟ್ಟಿಗೇ ಕೊಳವೆಗಳನ್ನು ಶಾಶ್ವತವಾಗಿ ಜೋಡಿಸುವುದು ಲೇಸೆಂದು ತೋರಿದುದರಿಂದ ಸ್ಥಿರವ್ಯವಸ್ಥೆ ಹುಟ್ಟಿತು. ಮೊದಮೊದಲು ಎರಡು ದ್ರಾವಣಗಳಿಗೆ ಎರಡು ಕೊಳವೆಸಾಲುಗಳು ಬೇಕಾಗಿದ್ದುವು. ಬಳಿಕ ಗೊರಸು, ಕೊಂಬುಗಳ ಪ್ರೋಟೀನಿನ ಸಾರವನ್ನು ನೀರಿನಲ್ಲಿ ಬೆರೆಸಿ ಗಾಳಿಯೊಡನೆ ಕಡೆಯುವ ಕ್ರಮ ಬಂದು ಕೆಲಸವು ಸುಲಭವಾಯಿತು. ಇಂದು 97 ಭಾಗ ನೀರಿಗೆ 3 ಭಾಗ ಸಾರವೆಂಬುದು ರೂಢಿ. ಭಾರತದ ತೈಲೋದ್ಯಮ ಸುರಕ್ಷಾ ನಿರ್ದೇಶನಾಲಯದ ಮಾನದಂಡದಂತೆ, ಸ್ಥಿರಚಾವಣಿಯ ತೊಟ್ಟಿಯಲ್ಲಿ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರು, ತೇಲುಚಾವಣಿಯ ಅಂಚಿನಲ್ಲಿ 12 ಲೀಟರು ದ್ರಾವಣ ಬೀಳಬೇಕು. ಮದ್ಯಸಾರದ ಮಾತು ಬೇರೆ. ಅದು ನೀರನ್ನು ಹೀರಿ ಸಾಮಾನ್ಯವಾದ ನೊರೆಯನ್ನು ಕರಗಿಸಿಬಿಡುವುದರಿಂದ, ಸಕ್ಕರೆ ಕಾರ್ಖಾನೆಗಳ ಭಟ್ಟಿಗಳಿರುವ ಮಂಡ್ಯದಂತಹ ಪ್ರಾಂತಕ್ಕೆ ಬೇರೆ ಜಾತಿಯ ನೊರೆಯೇ ಆವಶ್ಯಕ.

ಕರ್ನಾಟಕಕ್ಕೆ ಈ ವಿದ್ಯೆಯು ದೊಡ್ಡ ಪ್ರಮಾಣದಲ್ಲಿ ಬೇಕಾದುದು 1996ರಲ್ಲಿ ಮಂಗಳೂರಿನ ತೈಲಶುದ್ಧೀಕರಣಾಗಾರವು ಕೆಲಸಕ್ಕೆ ತೊಡಗಿದ ಮೇಲೆ. 2003ರಲ್ಲಿ ಅಲ್ಲಿಂದ ಹಾಸನದ ಮಾರ್ಗವಾಗಿ ಬೆಂಗಳೂರಿನ ಬಳಿಯ ದೇವನಗೊಂದಿಗೆ ಸುಮಾರು 362 ಕಿಲೋಮೀಟರ್ ಉದ್ದದ ಕೊಳವೆಮಾರ್ಗವಾಯಿತು. ಕಡಲತಡಿಯ ಅಪಾಯವು ಹೀಗೆ ಘಟ್ಟವನ್ನೇರಿ ಒಳನಾಡಿಗೆ ಬಂದಿತು.

ಸ್ಥಿರವ್ಯವಸ್ಥೆಯೊಂದಿದ್ದರೆ ಸಾಲದೆಂಬುದಕ್ಕೆ ಜಯಪುರದ ಸೀತಾಪುರ ತೈಲಾಗಾರದ ಅನಾಹುತವೇ ಪ್ರಮಾಣ. 2009ರ ಅಕ್ಟೋಬರ್ 29ರ ಸಂಜೆ ಅಲ್ಲಿ ಪೆಟ್ರೋಲು ಒಂದು ಗಂಟೆಗೂ ಮಿಕ್ಕು ಚಿಮ್ಮುತ್ತಲಿತ್ತು. ಆವಿಯ ಮೋಡವು ಆಗಾರವನ್ನೆಲ್ಲ ವ್ಯಾಪಿಸಿ ಸಿಡಿಯಿತು. ಆ ಸಿಡಿತದಿಂದ ಬೆಂಕಿಯಾರಿಸುವ ವ್ಯವಸ್ಥೆಯೇ ಹಾಳಾಯಿತು. ತೊಟ್ಟಿಗಳನ್ನು ತಾವಾಗಿ ಉರಿದು ಮುಗಿಯಲೆಂದು ಬಿಡಬೇಕಾಗಿ ಬಂದು, ಬೆಂಕಿಯು ಸುಮಾರು 11 ದಿನ ಉರಿಯಿತು. ಹನ್ನೊಂದು ಜನ ಮಡಿದರು. ಎಂ. ಬಿ. ಲಾಲ್ ಸಮಿತಿಯು ದೂರದಿಂದಲೇ ಮುಚ್ಚಬಹುದಾದ ಕವಾಟಗಳನ್ನೂ ಆವಿಯನ್ನು ಪತ್ತೆಹಚ್ಚುವ ಯಂತ್ರಗಳನ್ನೂ ವಿಧಿಸಿತು. ನೊರೆಯು ತೊಟ್ಟಿಯ ಬೆಂಕಿಗೆ ಮದ್ದೇ ಹೊರತು ಸೋರಿಕೆಗೆ ಮದ್ದಲ್ಲ.

ಮತ್ತೊಂದು ಸಂಗತಿಯುಂಟು. 1960ರ ದಶಕದಲ್ಲಿ ಅಮೆರಿಕದ ನೌಕಾಸಂಶೋಧನಾಲಯದವರು ಫ್ಲೋರಿನ್ ಬೆರೆತ ನೊರೆಯನ್ನು ಸಿದ್ಧಪಡಿಸಿದರು. ಅದು ಎಣ್ಣೆಯ ಮೇಲೆ ತೆಳುವಾದ ನೀರಪೊರೆಯನ್ನು ಹಾಸಿ ಕ್ಷಣಮಾತ್ರದಲ್ಲಿ ಬೆಂಕಿಯನ್ನಡಗಿಸುತ್ತಿತ್ತು. 1967ರಲ್ಲಿ ಫಾರೆಸ್ಟಾಲ್ ನೌಕೆಯಲ್ಲಿ 134 ಜನ ಬೆಂಕಿಗೆ ಬಲಿಯಾದ ಬಳಿಕ ಅದರ ಪ್ರಚಾರವು ಬಹಳವಾಯಿತು. ಆದರೆ ಆ ಫ್ಲೋರಿನ್ ದ್ರವ್ಯವು ಕೊಳೆಯದೆ ಅಂತರ್ಜಲದಲ್ಲಿಯೂ ರಕ್ತದಲ್ಲಿಯೂ ನಿಲ್ಲುವುದು ಕಂಡುಬಂದು, ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದರ ಒಂದು ಮುಖ್ಯಜಾತಿಯು 2009ರಲ್ಲಿಯೂ ಇನ್ನೊಂದು 2019ರಲ್ಲಿಯೂ ಸೇರಿದುವು. ಶಲ್ಯಪರ್ವದಲ್ಲಿ ಕಡಿದುಬಿದ್ದ ನಮುಚಿಯ ತಲೆಯು ಮಿತ್ರದ್ರೋಹಿಯೆಂದು ಕೂಗುತ್ತ ಇಂದ್ರನ ಬೆನ್ನುಹತ್ತಿದುದೂ, ಅರುಣಾತೀರ್ಥದಲ್ಲಿ ಮಿಂದಲ್ಲದೆ ಆ ದೋಷವು ಕಳೆಯದುದೂ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತವೆ. ಫ್ಲೋರಿನ್ ಇಲ್ಲದ ನೊರೆಗಳು ಈಗ ಹಲವು ದೇಶಗಳಲ್ಲಿ ಬಳಕೆಗೆ ಬಂದಿವೆ. ಅವುಗಳಿಗೆ ಪೊರೆ ಹಾಸುವ ಶಕ್ತಿಯಿಲ್ಲ. ಲೋರನ್ನನ ನೊರೆಯಂತೆ ಗುಳ್ಳೆಗಳ ಬಿಗಿಯಿಂದಲೇ ಅವು ಬೆಂಕಿಯನ್ನು ಮುಚ್ಚಬೇಕು. ಆದುದರಿಂದ ಹಳೆಯ ತೊಟ್ಟಿಗಳ ಕೊಳವೆ, ಮೂತಿ, ಬೆರಕೆಯ ಅಳತೆಗಳನ್ನು ಹೊಸದಾಗಿ ಪರೀಕ್ಷಿಸಿಯೇ ಅವುಗಳನ್ನು ತುಂಬಬೇಕಾಗಿದೆ.