ರಕ್ತದ ಕಬ್ಬಿಣವೂ ಅಯಸ್ಕಾಂತವೂ

ಹೊಳಲ್ಕೆರೆ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರುಂಟೆಂಬುದನ್ನು ಚಿತ್ರದುರ್ಗದ ನಾಡಿನವರು ಬಲ್ಲರು. ಅದೇ ಲೋಹವು ಮನುಷ್ಯನ ರಕ್ತದಲ್ಲಿಯೂ ಇದ್ದು, ಉಸಿರಿನಿಂದ ಬಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಒಯ್ಯುವುದು. ಅದು ಎಷ್ಟು ತಲುಪಿತೆಂಬುದನ್ನು ದೇಹವನ್ನು ಕೊಯ್ಯದೆ ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಯ ಉತ್ತರವನ್ನು ಹಲವು ದೇಶಗಳ ಪಂಡಿತರು ಹಂತಹಂತವಾಗಿ ಕಂಡುಕೊಂಡರು.

1845ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಕಬ್ಬಿಣವಿದ್ದರೂ ಅಯಸ್ಕಾಂತಕ್ಕೆ ಅದು ಒಲಿಯದಿರುವುದನ್ನು ಕಂಡನು. 1936ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್, ಚಾರ್ಲ್ಸ್ ಕೊರಿಯೆಲ್ ಎಂಬವರು ಇದರ ಮರ್ಮವನ್ನು ಬಿಡಿಸಿದರು. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಕಾಂತದಿಂದ ತುಸು ದೂರ ಸರಿಯುವುದು. ಹೊರೆಯನ್ನು ಇಳಿಸಿದ ಹಿಮೋಗ್ಲೋಬಿನ್ನಾದರೋ ಕಾಂತದ ಕಡೆಗೆ ಸೆಳೆಯಲ್ಪಡುವುದು.

ಬಲವಾದ ಕಾಂತಕ್ಷೇತ್ರದಲ್ಲಿ ನೀರಿನ ಜಲಜನಕದ ಪರಮಾಣುಬೀಜಗಳು ತಕ್ಕ ರೇಡಿಯೋ ತರಂಗಕ್ಕೆ ಓಗೊಡುವುವು. ಈ ಕಾಂತಾನುರಣನವನ್ನು 1946ರಲ್ಲಿ ಬ್ಲಾಕ್, ಪರ್ಸೆಲ್ ಎಂಬ ವಿದ್ವಾಂಸರ ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದುವು. ಐದೇ ವರ್ಷಗಳ ತರುವಾಯ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದಲ್ಲಿ ಈ ಅನುರಣನವನ್ನು ಪರಿಶೀಲಿಸಿದರು. ಹಿರಿಯೂರಿನ ಮಾರಿಕಣಿವೆಯಲ್ಲಿ ನಿಂತ ನೀರಿಗೂ ಕಾಲುವೆಯಲ್ಲಿ ಹರಿವ ನೀರಿಗೂ ಇರುವ ಭೇದವು ಕಣ್ಣಿಗೆ ಕಾಣುವಂಥದು. ಸೂರ್ಯನ್ನರು ಅಂಥ ಭೇದವನ್ನು ಅನುರಣನದಲ್ಲಿ ಕಂಡರು. ದಣಿದ ಬೀಜಗಳು ಸರಿದು ಹೊಸವು ಬರುವುದರಿಂದ, ಹರಿವ ದ್ರವದ ಓಗೊಡುವಿಕೆ ಹೆಚ್ಚಾಗುವುದು. ಅವರು ಅಳೆದುದು ಆಮ್ಲಜನಕವನ್ನಲ್ಲ, ರಕ್ತವನ್ನೂ ಅಲ್ಲ. ಆದರೆ ಮುಂದೆ ರಕ್ತದ ಹರಿವನ್ನು ಅಳೆದವರಿಗೆ ಆಧಾರವಾದುದು ಇದೇ ತತ್ತ್ವ.

1990ರಲ್ಲಿ ಜಪಾನಿನವರಾದ ಸೇಜಿ ಒಗಾವ ಅವರು ಅಮೆರಿಕದಲ್ಲಿ ಇಲಿಯ ಮೆದುಳನ್ನು ಚಿತ್ರಿಸಿ, ಆಮ್ಲಜನಕ ಕುಂದಿದ ರಕ್ತನಾಳಗಳ ಸುತ್ತ ಚಿತ್ರವು ಕಪ್ಪಾಗುವುದನ್ನು ತೋರಿಸಿದರು. ಪಾಲಿಂಗರು ಕಂಡ ಭೇದವೇ ಇಲ್ಲಿ ಚಿತ್ರವಾಗಿ ಮೂಡಿತು. ಆದರೆ ಇದು ರಕ್ತದ ಸ್ಥಿತಿಯನ್ನು ಸೂಚಿಸುವುದೇ ಹೊರತು ಮಾಂಸದೊಳಗಿನ ಆಮ್ಲಜನಕವನ್ನು ನೇರವಾಗಿ ಅಳೆಯದು.

ಆ ಕೊರತೆಯನ್ನು ತುಂಬಿದುದು, 1944ರಲ್ಲಿ ರಷ್ಯದ ಜವೋಯಿಸ್ಕಿ ಕಂಡುಹಿಡಿದ ಎಲೆಕ್ಟ್ರಾನುಗಳ ಅನುರಣನ. ಅಮೆರಿಕದ ಹೆರಾಲ್ಡ್ ಸ್ವಾರ್ಟ್ಜ್ ಮತ್ತು ಸಂಗಡಿಗರು ಕಾಡಿಗೆಯಿಂದ ಮಾಡಿದ ಕರಿಯ ಮಸಿಯನ್ನು ಅಂಗದೊಳಗೆ ಸೇರಿಸಿದರು. ಸುತ್ತಲಿನ ಆಮ್ಲಜನಕ ಹೆಚ್ಚಿದಷ್ಟೂ ಮಸಿಯ ಅನುರಣನರೇಖೆಯು ಅಗಲವಾಗುವುದು. ರೇಖೆಯ ಅಗಲವೇ ಅಳತೆಗೋಲು.

ಆಮ್ಲಜನಕ ಕಡಮೆಯಾದ ಅರ್ಬುದವು ಕಿರಣಚಿಕಿತ್ಸೆಗೆ ಸುಲಭವಾಗಿ ಬಗ್ಗದು. ಆದುದರಿಂದ ಈ ಅಳತೆಯು ರೋಗಿಯ ಪ್ರಾಣಕ್ಕೇ ಸಂಬಂಧಪಟ್ಟುದು. ಹರಿವ ನೀರನ್ನು ಪರೀಕ್ಷಿಸಿದ ಬೆಂಗಳೂರಿನ ಆ ವಿದ್ವಾಂಸರ ಮುಂದೆ ರೋಗಿಯಾರೂ ಇರಲಿಲ್ಲ. ಫಲವನ್ನು ಕಾಣದೆ ಬಿತ್ತಿದವರನ್ನೂ ಸ್ಮರಿಸುವುದು ಕನ್ನಡಿಗರಿಗೆ ಉಚಿತವಾದ ಧರ್ಮ.