ಕರ್ನೆಲ್ ವಿನ್ಯಾಸದ ವಿವಾದ: ಇತಿಹಾಸ

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಿಗೆ ಕರ್ನೆಲ್ ಎಂದು ಹೆಸರು. ಪ್ರೊಸೆಸರಿನ ಸಮಯ ಯಾವ ಪ್ರೋಗ್ರಾಮಿಗೆ ಎಷ್ಟು ಸಿಗಬೇಕು, ಮೆಮೊರಿಯ ಯಾವ ಭಾಗ ಯಾರದು, ಡಿಸ್ಕ್, ಕೀಲಿಮಣೆ, ಪ್ರಿಂಟರುಗಳನ್ನು ಯಾರು ಯಾವಾಗ ಬಳಸಬಹುದು ಎಂಬುದನ್ನೆಲ್ಲ ನಿರ್ಧರಿಸುವ ತಂತ್ರಾಂಶ ಅದು. ಇಂದಿನ ಪ್ರೊಸೆಸರುಗಳಲ್ಲಿ ಅಧಿಕಾರದ ಸ್ತರಗಳು ಕನಿಷ್ಠ ಎರಡಿರುತ್ತವೆ: ಕರ್ನೆಲ್ ಸ್ತರದಲ್ಲಿ ಓಡುವ ಪ್ರೋಗ್ರಾಮು ಯಂತ್ರದಲ್ಲಿರುವ ಎಲ್ಲವನ್ನೂ ಮುಟ್ಟಬಲ್ಲದು, ಬಳಕೆದಾರ ಸ್ತರದ ಪ್ರೋಗ್ರಾಮು ತನಗೆ ಕೊಟ್ಟ ಮೆಮೊರಿಯ ಆಚೆ ಕೈಚಾಚಿದರೆ ಪ್ರೊಸೆಸರೇ ಅದನ್ನು ತಡೆಯುತ್ತದೆ. ಕಾರ್ಯಾಚರಣ ವ್ಯವಸ್ಥೆಯ ಕೆಲಸಗಳಲ್ಲಿ ಎಷ್ಟನ್ನು ಮೊದಲ ಸ್ತರದ ಒಳಗಿಡಬೇಕು, ಎಷ್ಟನ್ನು ಹೊರಗೆ ಹಾಕಬೇಕು ಎಂಬ ಪ್ರಶ್ನೆಯ ಸುತ್ತ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ವಾದ ನಡೆದಿದೆ. ಕಡತ ವ್ಯವಸ್ಥೆ, ಜಾಲ ಸಂಪರ್ಕ, ಸಾಧನಗಳನ್ನು ನಡೆಸುವ ಡ್ರೈವರುಗಳು ಎಲ್ಲವೂ ಒಳಗಿದ್ದರೆ ಅದು ಏಕಶಿಲಾ ಕರ್ನೆಲ್. ತೀರ ಅಗತ್ಯವಾದುದಷ್ಟನ್ನೇ ಒಳಗಿಟ್ಟು ಉಳಿದುದನ್ನು ಬಳಕೆದಾರ ಸ್ತರದ ಬೇರೆಬೇರೆ ಪ್ರೋಗ್ರಾಮುಗಳಿಗೆ ಒಪ್ಪಿಸಿದರೆ ಅದು ಮೈಕ್ರೋಕರ್ನೆಲ್. ವಾದ ಮೇಲುನೋಟಕ್ಕೆ ವೇಗದ ಸುತ್ತ ನಡೆದಂತೆ ಕಂಡರೂ ಅದರ ಬೇರು ಇರುವುದು ಒಂದು ಭಾಗ ಕೆಟ್ಟಾಗ ಪೆಟ್ಟು ಎಲ್ಲಿಯವರೆಗೆ ಹರಡಬೇಕು ಎಂಬಲ್ಲಿ. ಜನರು ಕಂಪ್ಯೂಟರಿನಿಂದ ಮಾಡಿಸಿಕೊಳ್ಳುವ ಕೆಲಸ ಬದಲಾದಂತೆಲ್ಲ ಇದಕ್ಕೆ ಸಿಕ್ಕ ಉತ್ತರವೂ ಬದಲಾಗುತ್ತ ಬಂದಿದೆ.

1950ರ ದಶಕದ ಯಂತ್ರಗಳು ಪಂಚ್ ಕಾರ್ಡುಗಳ ಕಟ್ಟುಗಳನ್ನು ಸರದಿಯಲ್ಲಿ ಓದಿ ಒಂದಾದ ಮೇಲೊಂದು ಲೆಕ್ಕ ಮುಗಿಸುತ್ತಿದ್ದುದರಿಂದ ಒಬ್ಬನ ತಪ್ಪು ಇನ್ನೊಬ್ಬನ ಕೆಲಸವನ್ನು ಕೆಡಿಸುವ ಪ್ರಮೇಯ ಕಡಿಮೆ ಇತ್ತು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಕಾಲಹಂಚಿಕೆ ಬಂದಾಗ ಈ ಸ್ಥಿತಿ ಬದಲಾಯಿತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಸಿಟಿಎಸ್ಎಸ್ ಎಂಬ ಕಾಲಹಂಚಿಕೆ ವ್ಯವಸ್ಥೆಯನ್ನು ಓಡಿಸಿ ತೋರಿಸಿದ ಬಳಿಕ, ಬಳಕೆದಾರರನ್ನು ಪರಸ್ಪರರಿಂದಲೂ ವ್ಯವಸ್ಥೆಯನ್ನು ಅವರೆಲ್ಲರಿಂದಲೂ ಕಾಪಾಡುವುದು ವಿನ್ಯಾಸಕಾರರ ಮುಖ್ಯ ಚಿಂತೆಯಾಯಿತು. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಕಟ್ಟಲು ಹೊರಟ ಮಲ್ಟಿಕ್ಸ್ ಈ ಚಿಂತೆಗೆ ಅಧಿಕಾರದ ಹಲವು ವರ್ತುಲಗಳ ಮೂಲಕ ಉತ್ತರ ಹುಡುಕಿತು. ಆದರೆ ಕೆಲಸ ನಿರೀಕ್ಷೆಗಿಂತ ಬಹಳ ನಿಧಾನವಾಗಿ ಸಾಗಿದ್ದರಿಂದ ಬೆಲ್ ಲ್ಯಾಬ್ಸ್ 1969ರಲ್ಲಿ ಹೊರನಡೆಯಿತು.

ಮೈಕ್ರೋಕರ್ನೆಲ್ ಎಂಬ ಹೆಸರು ಹುಟ್ಟುವ ಮೊದಲೇ ಅದರ ವಿಚಾರ ಯುರೋಪಿನಲ್ಲಿ ಮೊಳೆತಿತ್ತು. ಡೆನ್ಮಾರ್ಕಿನ ರೆಗ್ನೆಸೆಂಟ್ರಾಲೆನ್ ಸಂಸ್ಥೆ ಆರ್‌ಸಿ 4000 ಎಂಬ ಯಂತ್ರವನ್ನು ಪೋಲೆಂಡಿನ ಪುವಾವಿ ರಸಗೊಬ್ಬರ ಕಾರ್ಖಾನೆಯ ನಿಯಂತ್ರಣಕ್ಕೆ ಒದಗಿಸಿತ್ತು. ಕಾರ್ಖಾನೆಗೆ ಬೇಕಾದುದು ಕ್ಷಣಕ್ಷಣಕ್ಕೂ ಅಳತೆ ನೋಡಿ ಸ್ಪಂದಿಸುವ ವ್ಯವಸ್ಥೆ. ವಿಶ್ವವಿದ್ಯಾಲಯಕ್ಕೆ ಬೇಕಾದುದು ಕಾಲಹಂಚಿಕೆ. ಲೆಕ್ಕಪತ್ರದ ಕಚೇರಿಗೆ ಸರದಿ ಸಂಸ್ಕರಣೆಯೇ ಸಾಕು. ಒಬ್ಬೊಬ್ಬ ಗ್ರಾಹಕನಿಗೂ ಹೊಸ ಕಾರ್ಯಾಚರಣ ವ್ಯವಸ್ಥೆ ಬರೆಯುವ ಬದಲು, ಪ್ರಕ್ರಿಯೆಗಳನ್ನು ಹುಟ್ಟಿಸುವ, ನಿಲ್ಲಿಸುವ, ಅವುಗಳ ನಡುವೆ ಸಂದೇಶ ದಾಟಿಸುವ ಕೆಲಸವನ್ನಷ್ಟೇ ಮಾಡುವ ಪುಟ್ಟ ತಿರುಳೊಂದನ್ನು ಪೆರ್ ಬ್ರಿಂಕ್ ಹಾನ್ಸೆನ್ 1969ರಲ್ಲಿ ರೂಪಿಸಿದರು. ಉಳಿದ ನೀತಿ ನಿಯಮಗಳನ್ನು ಅದರ ಮೇಲೆ ಯಾರು ಬೇಕಾದರೂ ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದಾಗಿತ್ತು. ಮಾಡುವ ಸಾಮರ್ಥ್ಯವನ್ನೂ ಮಾಡಬೇಕಾದ ನೀತಿಯನ್ನೂ ಬೇರ್ಪಡಿಸುವ ಈ ಸೂತ್ರ ಮುಂದಿನ ಎಲ್ಲ ಚರ್ಚೆಗಳಿಗೂ ತಳಹದಿಯಾಯಿತು. ಅದಕ್ಕೆ ತುಸು ಮುಂಚೆ, 1968ರಲ್ಲಿ, ನೆದರ್ಲೆಂಡಿನ ಐಂಡ್‌ಹೋವನ್‌ನಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ವ್ಯವಸ್ಥೆಯನ್ನು ಪದರಪದರವಾಗಿ ಕಟ್ಟಿ ಪ್ರತಿ ಪದರದ ಸರಿತನವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ದಾರಿಯನ್ನು ವಿವರಿಸಿದ್ದರು.

ಮಲ್ಟಿಕ್ಸ್‌ನಿಂದ ಹೊರಬಂದ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಪಿಡಿಪಿ-7 ಯಂತ್ರದ ಮೇಲೆ ಆರಂಭಿಸಿದ ಯೂನಿಕ್ಸ್ ಇನ್ನೊಂದು ದಾರಿ ಹಿಡಿಯಿತು. ಅದರ ಕರ್ನೆಲ್ ಏಕಶಿಲೆಯದಾಗಿದ್ದರೂ ಒಬ್ಬರೇ ಓದಿ ಅರ್ಥಮಾಡಿಕೊಳ್ಳುವಷ್ಟು ಚಿಕ್ಕದಾಗಿತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಅದರ ಆರನೆಯ ಆವೃತ್ತಿಗೆ ಸಾಲುಸಾಲಾಗಿ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಆದರೆ 1979ರ ಏಳನೆಯ ಆವೃತ್ತಿಯ ಪರವಾನಗಿ ಮೂಲ ಸಂಕೇತವನ್ನು ತರಗತಿಯಲ್ಲಿ ಪಾಠಕ್ಕೆ ಬಳಸುವುದನ್ನು ನಿಷೇಧಿಸಿತು. ವಿದ್ಯಾರ್ಥಿಗಳ ಕೈಗೆ ಕೊಡಲು ನಿಜವಾದ ಕಾರ್ಯಾಚರಣ ವ್ಯವಸ್ಥೆಯೇ ಇಲ್ಲದಂತಾದಾಗ ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ತಾವೇ ಒಂದನ್ನು ಬರೆದರು. 1987ರಲ್ಲಿ ಪಠ್ಯಪುಸ್ತಕದೊಂದಿಗೆ ಹೊರಬಂದ ಆ ಮಿನಿಕ್ಸ್ ಸುಮಾರು 12,000 ಸಾಲುಗಳದು. ಕಡತ ವ್ಯವಸ್ಥೆಯನ್ನೂ ಮೆಮೊರಿ ನಿರ್ವಹಣೆಯನ್ನೂ ಪ್ರತ್ಯೇಕ ಪ್ರಕ್ರಿಯೆಗಳಾಗಿ ಹೊರಗಿಟ್ಟ ಮೈಕ್ರೋಕರ್ನೆಲ್ ವಿನ್ಯಾಸ ಅದರದು. ಪಾಠದ ಅವಧಿಯೊಳಗೆ ಓದಿ ಮುಗಿಸುವಂತಿರಬೇಕೆಂದು ಅವರು ಹೊಸ ಸೌಲಭ್ಯಗಳ ಸೇರ್ಪಡೆಗೆ ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಅಧ್ಯಾಪಕನಾಗಿ ಅದು ಸರಿಯಾದ ನಿಲುವೇ ಆಗಿತ್ತು. ಆದರೆ ಮಿನಿಕ್ಸನ್ನು ದಿನನಿತ್ಯದ ಕೆಲಸಕ್ಕೆ ಬಳಸಬಯಸಿದವರ ಪಾಲಿಗೆ ಅದು ಅಡ್ಡಗೋಡೆಯಾಯಿತು. ಅವರಲ್ಲಿ ಒಬ್ಬರು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್. ತಮ್ಮ 386 ಪಿಸಿಗಾಗಿ ಹೊಸ ಕರ್ನೆಲ್ ಬರೆಯುತ್ತಿರುವುದಾಗಿ ಅವರು 1991ರ ಆಗಸ್ಟ್ 25ರಂದು ಮಿನಿಕ್ಸ್ ಬಳಕೆದಾರರಿಗೆ ತಿಳಿಸಿದರು.

ಆ ಹೊತ್ತಿಗೆ ವಿದ್ವಾಂಸರ ಒಲವು ಬಹುಮಟ್ಟಿಗೆ ಮೈಕ್ರೋಕರ್ನೆಲ್ ಕಡೆಗಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರಶೀದ್ ಮುಂದಾಳತ್ವದಲ್ಲಿ 1985ರಿಂದ ಬೆಳೆದ ಮಾಕ್, ಆ ವಿನ್ಯಾಸದ ಮಾದರಿಯೆಂದು ಹೆಸರಾಗಿತ್ತು. ಮುಕ್ತ ತಂತ್ರಾಂಶದ ಗ್ನೂ ಯೋಜನೆಯೂ ತನ್ನ ಹರ್ಡ್ ಎಂಬ ವ್ಯವಸ್ಥೆಯನ್ನು ಅದರ ಮೇಲೆ ಕಟ್ಟಲು ತೊಡಗಿತ್ತು. ಇಂಥ ವಾತಾವರಣದಲ್ಲಿ ಟನೆನ್‌ಬಾಮ್ 1992ರ ಜನವರಿ 29ರಂದು ಟೊರ್ವಾಲ್ಡ್ಸರ ಆ ಏಕಶಿಲಾ ಕರ್ನೆಲ್, ಅಂದರೆ ಲಿನಕ್ಸ್, ಹಳತಾದ ವಿನ್ಯಾಸವೆಂದು ಬಹಿರಂಗವಾಗಿ ಬರೆದರು. 1991ರಲ್ಲಿ ಏಕಶಿಲಾ ಕರ್ನೆಲ್ ಬರೆಯುವುದೆಂದರೆ 1970ರ ದಶಕಕ್ಕೆ ಮರಳಿದಂತೆ ಎಂಬುದು ಅವರ ಮೊದಲ ಆಕ್ಷೇಪ; ಒಂದೇ ಪ್ರೊಸೆಸರ್ ವಂಶಕ್ಕೆ ಅಂಟಿಕೊಂಡ ವ್ಯವಸ್ಥೆ ಆ ಪ್ರೊಸೆಸರಿನೊಂದಿಗೇ ಕಾಣೆಯಾಗುತ್ತದೆ ಎಂಬುದು ಎರಡನೆಯದು. ಟೊರ್ವಾಲ್ಡ್ಸ್ ಸಿದ್ಧಾಂತದ ಮಟ್ಟದಲ್ಲಿ ಮೈಕ್ರೋಕರ್ನೆಲ್ ಮೇಲೆಂದು ಒಪ್ಪಿಕೊಂಡೇ ಉತ್ತರಿಸಿದರು: ಮಿನಿಕ್ಸಿನ ಕಡತ ವ್ಯವಸ್ಥೆ ಒಂದು ಸಲಕ್ಕೆ ಒಂದೇ ಕೋರಿಕೆಯನ್ನು ನಿಭಾಯಿಸುತ್ತಿದ್ದುದರಿಂದ ಒಂದು ಪ್ರೋಗ್ರಾಮು ಡಿಸ್ಕಿಗಾಗಿ ಕಾಯುತ್ತಿದ್ದರೆ ಉಳಿದವೂ ಕಾಯಬೇಕಾಗುತ್ತಿತ್ತು, ಕೆಲಸ ಮಾಡುವವನಿಗೆ ಈ ಕೊರತೆ ಮುಖ್ಯವಾಗುತ್ತದೆಯೇ ಹೊರತು ಒಳರಚನೆಯ ಚೆಲುವಲ್ಲ ಎಂಬುದು ಅವರ ವಾದದ ತಿರುಳು. ಮಾತು ಬಿರುಸಾದುದಕ್ಕೆ ಬಳಿಕ ಅವರು ಕ್ಷಮೆಯನ್ನೂ ಕೇಳಿದರು. ಚರ್ಚೆಯಲ್ಲಿ ಪಾಲ್ಗೊಂಡ ಕೆನ್ ಥಾಮ್ಸನ್, ಮುಂದಿನ ಕಾಲ ಬಹುಶಃ ಮೈಕ್ರೋಕರ್ನೆಲ್‌ಗಳದೇ ಆಗಿದ್ದರೂ ಏಕಶಿಲಾ ಕರ್ನೆಲ್ ಬರೆಯುವುದು ಸುಲಭ, ತಿದ್ದುತ್ತ ಹೋದಂತೆ ಅದು ಬೇಗ ಗೋಜಲಾಗುವುದೂ ಅಷ್ಟೇ ಸುಲಭ ಎಂದರು. ಇಡೀ ವಾಗ್ವಾದದಲ್ಲಿ ಅತ್ಯಂತ ಸಮತೂಕದ ಮಾತು ಇದೇ ಎನ್ನಬೇಕು.

ಆ ಕಾಲದ ಮೈಕ್ರೋಕರ್ನೆಲ್‌ಗಳು ನಿಧಾನವಾಗಿದ್ದುದೇಕೆ ಎಂಬುದನ್ನು ಒಂದು ಸಣ್ಣ ಕ್ರಿಯೆಯಲ್ಲಿ ಕಾಣಬಹುದು. ಪ್ರೋಗ್ರಾಮೊಂದು ಡಿಸ್ಕಿನಲ್ಲಿರುವ ಕಡತದ ಒಂದು ತುಣುಕನ್ನು ಓದಬೇಕಾಗಿದೆ ಎಂದಿಟ್ಟುಕೊಂಡರೆ, ಏಕಶಿಲಾ ವ್ಯವಸ್ಥೆಯಲ್ಲಿ ಅದು ಕರ್ನೆಲ್ಲಿಗೆ ಕರೆ ನೀಡುತ್ತದೆ, ಕರ್ನೆಲ್ಲಿನೊಳಗೇ ಕಡತ ವ್ಯವಸ್ಥೆ ಡಿಸ್ಕ್ ಡ್ರೈವರನ್ನು ಕರೆಯುತ್ತದೆ, ಉತ್ತರ ಹಿಂದಿರುಗುತ್ತದೆ. ಗಡಿ ದಾಟಿದ್ದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೈಕ್ರೋಕರ್ನೆಲ್‌ನಲ್ಲಾದರೆ ಪ್ರೋಗ್ರಾಮು ಕಡತ ಸೇವಕಕ್ಕೆ ಸಂದೇಶ ಕಳಿಸಬೇಕು, ಕಡತ ಸೇವಕ ಡಿಸ್ಕ್ ಡ್ರೈವರಿಗೆ ಕಳಿಸಬೇಕು, ಉತ್ತರ ಇದೇ ದಾರಿಯಲ್ಲಿ ಹಿಂದೆ ಬರಬೇಕು. ಪ್ರತಿ ಸಂದೇಶವೂ ಕರ್ನೆಲ್ಲಿನೊಳಕ್ಕೆ ಹೊಕ್ಕು ಹೊರಬರುವುದರಿಂದ ಎರಡರ ಕಡೆ ಎಂಟು ದಾಟುವಿಕೆಗಳಾಗುತ್ತವೆ, ಜೊತೆಗೆ ಪ್ರತಿ ಸಲ ಒಂದು ಪ್ರಕ್ರಿಯೆಯ ಮೆಮೊರಿ ನಕ್ಷೆಯನ್ನು ತೆಗೆದು ಇನ್ನೊಂದರದನ್ನು ಹಾಕಬೇಕಾಗುತ್ತದೆ. ಈ ವೆಚ್ಚ ವಿನ್ಯಾಸಕ್ಕೇ ಅಂಟಿದ್ದೆಂದು ಬಹುಮಂದಿ ನಂಬಿದ್ದಾಗ ಜರ್ಮನಿಯ ಯೋಖೆನ್ ಲೀಡ್ಕೆ ಅದು ಮಾಕ್‌ನ ರಚನಾದೋಷವೆಂದು ತೋರಿಸಿಕೊಟ್ಟರು. 1993ರಲ್ಲಿ ಅವರು ಪ್ರಕಟಿಸಿದ ಅಳತೆಗಳ ಪ್ರಕಾರ ಒಂದೇ 486 ಯಂತ್ರದಲ್ಲಿ ಚಿಕ್ಕ ಸಂದೇಶವೊಂದಕ್ಕೆ ಮಾಕ್ 100ಕ್ಕೂ ಹೆಚ್ಚು ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತಿದ್ದರೆ ಅವರ ಕರ್ನೆಲ್ಲಿಗೆ 5 ಮೈಕ್ರೋಸೆಕೆಂಡು ಸಾಕಾಗಿತ್ತು. ಎಲ್4 ಎಂಬ ಕರ್ನೆಲ್ ವಂಶ ಹುಟ್ಟಿದ್ದು ಈ ಕೆಲಸದಿಂದ. ಆದರೆ ಮಾಕ್‌ನಿಂದ ಬೇಸತ್ತವರು ಅಷ್ಟರಲ್ಲಿ ಬೇರೆ ದಾರಿ ಹಿಡಿದಾಗಿತ್ತು.

ಕಚೇರಿಯ ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ನಡೆದುದು ಇನ್ನೂ ಗಮನಾರ್ಹ. ಡೇವ್ ಕಟ್ಲರ್ ಮುಂದಾಳತ್ವದಲ್ಲಿ ಕಟ್ಟಲಾದ, 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿಯಲ್ಲಿ ಕಿಟಕಿ, ಚಿತ್ರ, ಅಕ್ಷರಗಳನ್ನು ಬಿಡಿಸುವ ಭಾಗ ಕರ್ನೆಲ್ಲಿನ ಹೊರಗಿತ್ತು. ಸಂದೇಶಗಳ ಓಡಾಟದಿಂದ ಪರದೆ ನಿಧಾನವಾಗುತ್ತದೆಂದು 1996ರ ಎನ್‌ಟಿ 4.0 ಆವೃತ್ತಿಯಲ್ಲಿ ಅದನ್ನು ಒಳಕ್ಕೆ ತರಲಾಯಿತು. ಪ್ರಿಂಟರ್ ಡ್ರೈವರುಗಳೂ ಅದರ ಬೆನ್ನಿಗೆ ಒಳಬಂದವು. ಪರಿಣಾಮವಾಗಿ ಪತ್ರ ಮುದ್ರಿಸುವಾಗ ಡ್ರೈವರ್ ಎಡವಿದರೆ ಇಡೀ ಯಂತ್ರವೇ ನೀಲಿ ಪರದೆ ತೋರಿಸಿ ನಿಂತುಬಿಡುವ ಸಂಭವವಿತ್ತು. ಹತ್ತು ವರ್ಷಗಳ ಬಳಿಕ ಬಂದ ವಿಂಡೋಸ್ ವಿಸ್ಟಾ, ಪ್ರಿಂಟರ್ ಡ್ರೈವರುಗಳಿಗೆ ಕರ್ನೆಲ್ ಪ್ರವೇಶವನ್ನು ಮತ್ತೆ ಮುಚ್ಚಿತು. ಆಪಲ್ ಕಂಪನಿಯ ಮ್ಯಾಕ್ ಓಎಸ್ ಎಕ್ಸ್ ಮಾಕ್‌ನ ತಿರುಳಿಗೆ ಬಿಎಸ್‌ಡಿ ಯೂನಿಕ್ಸಿನ ಭಾಗಗಳನ್ನು ಒಂದೇ ಸ್ತರದಲ್ಲಿ ಬೆಸೆದ ಮಿಶ್ರತಳಿ.

ಲಿನಕ್ಸ್ ಈ ನಡುವೆ ಊಹೆಗೂ ಮೀರಿ ಬೆಳೆಯಿತು. ಒಂದೇ ಪ್ರೊಸೆಸರಿಗೆ ಅಂಟಿಕೊಂಡಿದೆ ಎಂಬ ಟನೆನ್‌ಬಾಮರ ಆಕ್ಷೇಪ ಆರಂಭದಲ್ಲಿ ನಿಜವೇ ಆಗಿದ್ದರೂ 1990ರ ದಶಕದ ನಡುವೆ ಆಲ್ಫಾ ಪ್ರೊಸೆಸರಿಗೆ ಅದನ್ನು ಹೊಂದಿಸಿದ ಮೇಲೆ ನಿಲ್ಲಲಿಲ್ಲ. 2017ರ ನವೆಂಬರಿನಿಂದ ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನವೇ. ಆದರೆ ಗೋಜಲಿನ ಬಗ್ಗೆ ಥಾಮ್ಸನ್ ಆಡಿದ್ದ ಮಾತೂ ಹುಸಿಯಾಗಲಿಲ್ಲ. ಸುಮಾರು 10,000 ಸಾಲುಗಳಿಂದ ಹೊರಟ ಕರ್ನೆಲ್ 2020ರ ವೇಳೆಗೆ 2.7 ಕೋಟಿ ಸಾಲುಗಳನ್ನು ದಾಟಿತ್ತು, ಅದರ ಬಹುಭಾಗ ಡ್ರೈವರುಗಳದು. ಉಳಿದ ಭಾಗಕ್ಕೆ ಹೋಲಿಸಿದರೆ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚೆಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2001ರಲ್ಲೇ ಕಂಡುಕೊಂಡಿದ್ದರು. ಕೆಟ್ಟ ಡ್ರೈವರನ್ನು ತಾನೇ ಕೊಂದು ಮತ್ತೆ ಎಬ್ಬಿಸಬಲ್ಲ ಮಿನಿಕ್ಸ್ 3ನ್ನು 2005ರಲ್ಲಿ ಹೊರತಂದ ಟನೆನ್‌ಬಾಮ್ ಮರುವರ್ಷ ವಾದವನ್ನು ಮತ್ತೆ ಎತ್ತಿದರು. ಭಾಗಗಳನ್ನು ಬಿಡಿಬಿಡಿಯಾಗಿಸಿದರೆ ಒಂದೊಂದು ಭಾಗ ಸರಳವಾಗುತ್ತದೆಯಾದರೂ ಹಂಚಿಕೊಳ್ಳಬೇಕಾದ ಮಾಹಿತಿಯನ್ನು ಅವುಗಳ ನಡುವೆ ಹೊಂದಿಸುವ ಕೆಲಸ ಅಷ್ಟೇ ಜಟಿಲವಾಗುತ್ತದೆ ಎಂದು ಟೊರ್ವಾಲ್ಡ್ಸ್ ಉತ್ತರಿಸಿದರು. 1992ರ ಉತ್ತರಕ್ಕಿಂತ ಇದು ಗಟ್ಟಿಯಾದದ್ದು. ಇದೇ ಒಳಗು ಹೊರಗಿನ ತಕರಾರು ಕರ್ನೆಲ್ಲಿನ ಆಚೆಗೂ ಹಬ್ಬಿತು: ಯಂತ್ರ ಎದ್ದಕೂಡಲೇ ಮೊದಲು ಓಡುವ, ಉಳಿದ ಸೇವೆಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿ 2010ರಲ್ಲಿ ಬಂದಾಗ, ಒಂದು ಪ್ರೋಗ್ರಾಮು ಒಂದೇ ಕೆಲಸ ಮಾಡಬೇಕೆಂಬ ಯೂನಿಕ್ಸ್ ಪದ್ಧತಿಗೆ ಅದು ಎರವಾಯಿತೆಂದು ವಿರೋಧಿಸಿದ ಕೆಲವರು 2014ರಲ್ಲಿ ಲಿನಕ್ಸ್ ಆಧರಿತ ವ್ಯವಸ್ಥೆಯಾದ ಡೆಬಿಯನ್‌ನಿಂದ ಸಿಡಿದು ಡೆವುವನ್ ಎಂಬ ಬೇರೆ ಆವೃತ್ತಿ ಕಟ್ಟಿದರು.

ಕೆಟ್ಟು ನಿಲ್ಲುವುದನ್ನು ಸಹಿಸಲಾಗದ ಕೆಲಸಗಳಲ್ಲಿ ಮೈಕ್ರೋಕರ್ನೆಲ್ ಸದ್ದಿಲ್ಲದೆ ಬೇರೂರಿದೆ. ಕೆನಡಾದಲ್ಲಿ ಹುಟ್ಟಿದ ಕ್ಯೂಎನ್ಎಕ್ಸ್ ಕಾರುಗಳಲ್ಲೂ ವೈದ್ಯಕೀಯ ಉಪಕರಣಗಳಲ್ಲೂ ಓಡುತ್ತದೆ. ಎಲ್4 ವಂಶದ ಕರ್ನೆಲ್‌ಗಳು ಕೋಟ್ಯಂತರ ಫೋನುಗಳ ಮೊಡೆಮ್ ಚಿಪ್ಪುಗಳಲ್ಲಿ ಬಳಕೆಯಾಗಿವೆ. 2009ರಲ್ಲಿ ಸಿಡ್ನಿಯ ಸಂಶೋಧಕರು ಎಸ್ಇ‌ಎಲ್4 ಎಂಬ, ಸುಮಾರು 8,700 ಸಾಲುಗಳ ಕರ್ನೆಲ್ ತನ್ನ ವಿವರಣೆಗೆ ತಪ್ಪದೆ ನಡೆಯುತ್ತದೆಂದು ಗಣಿತದ ಮೂಲಕ ಸಾಧಿಸಿ ತೋರಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ಗೆರ್ನೊಟ್ ಹೈಸರ್, ಲಯನ್ಸ್ ಪಾಠ ಮಾಡಿದ್ದ ಅದೇ ವಿಶ್ವವಿದ್ಯಾಲಯದಲ್ಲಿ ಲಯನ್ಸರ ಹೆಸರಿನ ಪೀಠದಲ್ಲಿದ್ದವರು. ಇಂಥ ಸಾಧನೆ ಸಾಧ್ಯವಾದುದು ಕರ್ನೆಲ್ ಅಷ್ಟು ಚಿಕ್ಕದಾಗಿದ್ದುದರಿಂದಲೇ. ಕೋಟಿಗಟ್ಟಲೆ ಸಾಲುಗಳಿಗೆ ಈ ಬಗೆಯ ಸಾಧನೆ ಇಂದಿಗೂ ಎಟುಕುವಂಥದಲ್ಲ.

ಉಳಿದ ಜಗತ್ತಿಗೆ ಈ ಪ್ರಶ್ನೆಯ ಬಿಸಿ ತಟ್ಟಿದ್ದು 2024ರ ಜುಲೈ 19ರಂದು. ಭಾರತದ ವೇಳೆಯಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಒಂದು ಪುಟ್ಟ ಕಡತ ಹೊಸದಾಗಿ ಬಂತು. ವಿಂಡೋಸ್ ಕರ್ನೆಲ್ಲಿನೊಳಗೆ ಓಡುವ ಆ ತಂತ್ರಾಂಶದ ಬಳಿ ಇದ್ದುದು 20 ಮೌಲ್ಯಗಳು; ಹೊಸ ಕಡತ 21ನೆಯದನ್ನು ನೋಡಲು ಹೇಳಿತು; ಇಲ್ಲದ ಜಾಗವನ್ನು ಓದಲು ಹೋದ ಪ್ರೋಗ್ರಾಮಿನ ಜೊತೆಗೆ ಯಂತ್ರವೂ ಬಿದ್ದಿತು. 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಳ್ಳಲಾಯಿತಾದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಗೆ ಬಂದು ನಿಂತಿದ್ದವು. ಅವುಗಳಲ್ಲಿ ಬಹಳಷ್ಟನ್ನು ಒಬ್ಬರು ಎದುರು ಕುಳಿತು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಆಸ್ಪತ್ರೆ, ಬ್ಯಾಂಕುಗಳ ಕೆಲಸ ನಿಂತಿತು. ಬೆಂಗಳೂರೂ ಸೇರಿದಂತೆ ಭಾರತದ ಹಲವು ವಿಮಾನ ನಿಲ್ದಾಣಗಳಲ್ಲಿ ಆ ದಿನ ಚೆಕ್-ಇನ್ ವ್ಯವಸ್ಥೆ ಅಸ್ತವ್ಯಸ್ತವಾಯಿತು, ಕೆಲವೆಡೆ ಸಿಬ್ಬಂದಿ ಪ್ರಯಾಣಿಕರ ಹೆಸರು, ಆಸನ ಸಂಖ್ಯೆಗಳನ್ನು ಪೆನ್ನಿನಲ್ಲಿ ಬರೆದು ಬೋರ್ಡಿಂಗ್ ಪಾಸ್ ಕೊಟ್ಟರು.

ಇಂಥ ಪೆಟ್ಟನ್ನು ತಡೆಯುವ ಯತ್ನಗಳು ಅದಕ್ಕೂ ಮುಂಚೆಯೇ ನಡೆದಿದ್ದವು. ಮ್ಯಾಕ್ ಕಂಪ್ಯೂಟರುಗಳಲ್ಲಿ ಭದ್ರತಾ ತಂತ್ರಾಂಶ ಬಳಕೆದಾರ ಸ್ತರದಿಂದಲೇ ಕೆಲಸ ಮಾಡುವ ಏರ್ಪಾಟನ್ನು ಆಪಲ್ 2019ರಲ್ಲೇ ತಂದಿತ್ತು. ಲಿನಕ್ಸಿನಲ್ಲಿ 2014ರಿಂದ ಬೆಳೆದ ಇಬಿಪಿಎಫ್ ಇನ್ನೊಂದು ಉಪಾಯ: ಹೊರಗಿನವರ ಸಂಕೇತವನ್ನು ಕರ್ನೆಲ್ಲಿನೊಳಗೆ ಓಡಿಸುವ ಮುನ್ನ ಅದು ಗಡಿ ಮೀರುವುದಿಲ್ಲವೆಂದು ಕರ್ನೆಲ್ಲೇ ಪರಿಶೀಲಿಸುತ್ತದೆ. 2022ರ ಡಿಸೆಂಬರಿನ 6.1ನೆಯ ಆವೃತ್ತಿಯಿಂದ, ಮೆಮೊರಿಯ ತಪ್ಪುಗಳನ್ನು ಬಹುಮಟ್ಟಿಗೆ ಮೊದಲೇ ಹಿಡಿಯುವ ರಸ್ಟ್ ಭಾಷೆಗೂ ಆ ಕರ್ನೆಲ್ಲಿನಲ್ಲಿ ಜಾಗ ಸಿಕ್ಕಿದೆ. ಭದ್ರತಾ ತಂತ್ರಾಂಶಗಳು ವಿಂಡೋಸ್ ಕರ್ನೆಲ್ಲಿನ ಹೊರಗೆ ನಿಂತು ಕೆಲಸ ಮಾಡಲು ಬೇಕಾದ ಸೌಲಭ್ಯವನ್ನು ಅವುಗಳ ತಯಾರಕರಿಗೆ ಪರೀಕ್ಷೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಪ್ರಕಟಿಸಿತು.